ನೆಟ್‌ವರ್ಕ್ ಕಾರ್ಡ್ ಬದಲಿಸಲು ಸ್ಟೋರೇಜ್ ಪೂರ್ತಿ ನಿಲ್ಲಿಸಬೇಕೇ?

ಪ್ರಶ್ನೆ: ನಮ್ಮ ಕಾಲೇಜಿನ ಸರ್ವರ್ ಕೊಠಡಿಯಲ್ಲಿ ಐದು ನೋಡ್‌ಗಳ (ಸರ್ವರ್ ಯಂತ್ರಗಳ) ಸೆಫ್ ಕ್ಲಸ್ಟರ್, ಅಂದರೆ ದತ್ತಾಂಶವನ್ನು ಹಲವು ಯಂತ್ರಗಳಲ್ಲಿ ಹಂಚಿಡುವ ಸ್ಟೋರೇಜ್ ವ್ಯವಸ್ಥೆ ಇದೆ, ಪ್ರತಿ ದತ್ತಾಂಶಕ್ಕೂ ಮೂರು ಪ್ರತಿಗಳಿರುವಂತೆ ಹೊಂದಿಸಿದ್ದೇವೆ. ಮೂರನೆಯ ನೋಡ್‌ನ ನೆಟ್‌ವರ್ಕ್ ಕಾರ್ಡ್‌ನಲ್ಲಿ ಒಂದು ಪೋರ್ಟ್ ದಿನಕ್ಕೆ ನಾಲ್ಕಾರು ಸಲ ಸಂಪರ್ಕ ಕಳೆದುಕೊಳ್ಳುತ್ತಿದೆ. ಕೇಬಲ್, ಟ್ರಾನ್ಸೀವರ್ ಎರಡನ್ನೂ ಬದಲಿಸಿ ನೋಡಿದ್ದಾಯಿತು. ಬದಲಿ ಕಾರ್ಡ್ ಕೈಸೇರಿದೆ, ಆದರೆ ಪರೀಕ್ಷೆಯ ದಿನಗಳಾದ್ದರಿಂದ ಸೇವೆ ನಿಲ್ಲಿಸುವಂತಿಲ್ಲ. ಹೇಗೆ ಮುಂದುವರಿಯಬೇಕು?
— ಓದುಗರು, ಕಲಬುರಗಿ

ಉತ್ತರ: ಸೇವೆ ನಿಲ್ಲಿಸಬೇಕಾಗಿಲ್ಲ. ಆದರೆ ಪವರ್ ಸಪ್ಲೈ ಅಥವಾ ಡಿಸ್ಕ್‌ನಂತೆ ಯಂತ್ರ ಓಡುತ್ತಿರುವಾಗಲೇ ಹೊರಗೆಳೆಯುವ ಭಾಗ ಇದಲ್ಲವಾದ್ದರಿಂದ, ಆ ಒಂದು ನೋಡನ್ನು ಮಾತ್ರ ಪೂರ್ತಿ ಆಫ್ ಮಾಡಲೇಬೇಕು. ಸ್ಕ್ರೂಡ್ರೈವರ್ ಹಿಡಿಯುವ ಕೆಲಸ ಅರ್ಧ ಗಂಟೆಯದು. ತೊಂದರೆಗಳು ಹುಟ್ಟುವುದು ಅದಕ್ಕೆ ಮೊದಲು ಮತ್ತು ಅದರ ನಂತರ.

ಮೊದಲು, ಮೂರು ಪ್ರತಿಗಳು ಮೂರು ಬೇರೆ ಬೇರೆ ನೋಡ್‌ಗಳಲ್ಲಿಯೇ ಇವೆಯೇ ಎಂಬುದನ್ನು, ಪ್ರತಿಗಳು ಎಲ್ಲಿ ಕೂರಬೇಕೆಂದು ತೀರ್ಮಾನಿಸುವ ಕ್ರಶ್ ನಿಯಮದಲ್ಲಿ ನೋಡಿಕೊಳ್ಳಿ. ನಿಯಮವು ಹೋಸ್ಟ್ (ನೋಡ್) ಮಟ್ಟದ ಬದಲು ಡಿಸ್ಕ್ ಮಟ್ಟದಲ್ಲಿದ್ದರೆ ಒಂದೇ ನೋಡ್‌ನಲ್ಲಿ ಎರಡು ಪ್ರತಿಗಳು ಕುಳಿತಿರಬಹುದು, ಮತ್ತು ಆ ನೋಡ್ ಆಫ್ ಆದೊಡನೆ ಕೆಲವು ಫೈಲುಗಳು ಸಿಗದೆ ಹೋಗಬಹುದು. ನಂತರ ಪ್ಲೇಸ್‌ಮೆಂಟ್ ಗ್ರೂಪುಗಳೆಲ್ಲವೂ (ಸೆಫ್ ದತ್ತಾಂಶವನ್ನು ವಿಂಗಡಿಸಿಡುವ ಗುಂಪುಗಳು) ‘ಆಕ್ಟಿವ್ ಪ್ಲಸ್ ಕ್ಲೀನ್’, ಅಂದರೆ ಪ್ರತಿಗಳೆಲ್ಲ ಸರಿಯಾಗಿರುವ ಸ್ಥಿತಿಯಲ್ಲಿವೆಯೇ ಎಂದು ಖಚಿತಪಡಿಸಿಕೊಂಡು, ‘ಸೆಫ್ ಓಎಸ್‌ಡಿ ಓಕೆ-ಟು-ಸ್ಟಾಪ್’ ಆದೇಶಕ್ಕೆ ಆ ನೋಡ್‌ನ ಓಎಸ್‌ಡಿಗಳ (ಒಂದೊಂದು ಡಿಸ್ಕನ್ನು ನೋಡಿಕೊಳ್ಳುವ ಸೆಫ್ ಸೇವೆಗಳ) ಸಂಖ್ಯೆಗಳನ್ನೆಲ್ಲ ಕೊಟ್ಟು, ನಿಲ್ಲಿಸಬಹುದೇ ಎಂದು ಕೇಳಿ. ಅದು ಒಪ್ಪದಿದ್ದರೆ ಅಂದು ಕೆಲಸಕ್ಕೆ ಕೈಹಾಕಬೇಡಿ. ಆ ನೋಡ್‌ನಲ್ಲಿ ಮಾನಿಟರ್ (ಕ್ಲಸ್ಟರಿನ ಸ್ಥಿತಿಯ ಲೆಕ್ಕ ಇಡುವ ಸೇವೆ) ಕೂಡ ಓಡುತ್ತಿದ್ದರೆ, ಉಳಿದ ಮಾನಿಟರ್‌ಗಳಿಂದ ಬಹುಮತ ಉಳಿಯುತ್ತದೆಯೇ ಎಂಬುದನ್ನೂ ಎಣಿಸಿ.

ಮುಂದಿನದು ‘ನೋಔಟ್’, ಅಂದರೆ ನಿಂತ ಓಎಸ್‌ಡಿಯನ್ನು ಲೆಕ್ಕದಿಂದ ಕೈಬಿಡದಂತೆ ಸೆಫ್‌ಗೆ ಹೇಳುವ ಸೂಚನೆ. ಓಎಸ್‌ಡಿಯೊಂದು ಮಾತು ನಿಲ್ಲಿಸಿ 600 ಸೆಕೆಂಡ್ ಕಳೆದರೆ ಸೆಫ್ ಅದನ್ನು ಲೆಕ್ಕದಿಂದ ಕೈಬಿಟ್ಟು, ಅದರಲ್ಲಿದ್ದ ದತ್ತಾಂಶದ ಹೊಸ ಪ್ರತಿಗಳನ್ನು ಬೇರೆ ಡಿಸ್ಕ್‌ಗಳಲ್ಲಿ ಕಟ್ಟಲು ತೊಡಗುವುದು ಮೂಲ ಹೊಂದಾಣಿಕೆ. ಅರ್ಧ ಗಂಟೆಯ ಕೆಲಸಕ್ಕಾಗಿ ಇಡೀ ನೋಡ್‌ನ ದತ್ತಾಂಶ ಅತ್ತಿಂದಿತ್ತ ಓಡಾಡುವುದು ಬೇಡ. ನಿಮ್ಮ ಕ್ಲಸ್ಟರನ್ನು ಸೆಫ್ಎಡಿಎಂ ಎಂಬ ತಂತ್ರಾಂಶ ನಿರ್ವಹಿಸುತ್ತಿದ್ದರೆ ‘ಸೆಫ್ ಆರ್ಕ್ ಹೋಸ್ಟ್ ಮೇಂಟೆನನ್ಸ್ ಎಂಟರ್’ ಎಂಬ ಒಂದೇ ಆದೇಶ ಆ ನೋಡ್‌ಗೆ ಮಾತ್ರ ನೋಔಟ್ ಹಾಕಿ, ಅದರ ಸೆಫ್ ಸೇವೆಗಳನ್ನೂ ನಿಲ್ಲಿಸುತ್ತದೆ. ಕೈಯಿಂದ ಹಾಕುವವರು ತೆಗೆಯುವುದನ್ನು ಮರೆಯಬಾರದು. ನಾನು ಒಮ್ಮೆ ಮರೆತಿದ್ದೆ. ನೋಔಟ್ ಇರುವವರೆಗೂ ಕಾಣುವ ಹಳದಿ ಎಚ್ಚರಿಕೆಯನ್ನು ನೋಡಿ ನೋಡಿ ಎಲ್ಲರ ಕಣ್ಣಿಗೂ ರೂಢಿಯಾಗಿ, ಎರಡು ವಾರಗಳ ನಂತರ ಒಂದು ಡಿಸ್ಕ್ ನಿಜವಾಗಿಯೇ ಸತ್ತಾಗ ಅದರ ಪ್ರತಿಗಳನ್ನು ಮತ್ತೆ ಕಟ್ಟುವ ಕೆಲಸ ಆರಂಭವಾಗಲೇ ಇಲ್ಲ. ಕೆಲಸ ನಡೆಯುವಷ್ಟು ಹೊತ್ತು ನಿಮ್ಮ ಬಳಿ ಎರಡೇ ಪ್ರತಿಗಳಿರುತ್ತವೆ. ಕನಿಷ್ಠ ಪ್ರತಿಗಳ ಸಂಖ್ಯೆ ಎರಡಕ್ಕೆ ಇದ್ದರೆ ಓದು-ಬರಹ ನಡೆಯುತ್ತಲೇ ಇರುತ್ತದೆ, ಆದರೆ ಆಗ ಇನ್ನೊಂದು ನೋಡ್‌ನ ಡಿಸ್ಕ್ ಕೆಟ್ಟರೆ ಕೆಲವು ಗ್ರೂಪುಗಳು ನಿಂತುಬಿಡುತ್ತವೆ. ಆದ್ದರಿಂದ ಬೇರೆ ನೋಡ್‌ಗಳಲ್ಲಿ ಯಾವ ದುರಸ್ತಿಯನ್ನೂ ಅದೇ ದಿನ ಇಟ್ಟುಕೊಳ್ಳಬೇಡಿ.

ಒಂದೇ ಬಗೆಯ ಐದು ಯಂತ್ರಗಳು ಒಂದರ ಮೇಲೊಂದು ಇರುವಾಗ ತಪ್ಪು ಯಂತ್ರದ ವೈರು ಎಳೆಯುವುದು ಅಪರೂಪವೇನಲ್ಲ. ಗುರುತಿನ ದೀಪ ಉರಿಸಲು ‘ಐಪಿಎಂಐಟೂಲ್ ಚಾಸಿಸ್ ಐಡೆಂಟಿಫೈ’ ಎಂದಷ್ಟೇ ಕೊಟ್ಟರೆ ಅದು 15 ಸೆಕೆಂಡ್ ಮಿನುಗಿ ಆರುತ್ತದೆ. ನೀವು ರ‍್ಯಾಕ್‌ನ ಹಿಂಬದಿಗೆ ನಡೆದುಹೋಗುವಷ್ಟರಲ್ಲಿ ಕತ್ತಲೆ. ಕೊನೆಗೆ ‘ಫೋರ್ಸ್’ ಸೇರಿಸಿದರೆ ನೀವಾಗಿ ಆರಿಸುವವರೆಗೂ ಉರಿಯುತ್ತದೆ. ಯಂತ್ರ ಆಫ್ ಆದ ಮೇಲೂ ನಿರ್ವಹಣಾ ಚಿಪ್‌ಗಾಗಿ ಮದರ್‌ಬೋರ್ಡ್‌ನಲ್ಲಿ ವಿದ್ಯುತ್ ಉಳಿದಿರುವುದರಿಂದ, ಎರಡೂ ಪವರ್ ಕೇಬಲ್ ಕಳಚಿದ ನಂತರವೇ ಮುಚ್ಚಳ ತೆಗೆಯಿರಿ. ಕೇಬಲ್‌ಗಳಿಗೆ ಮೊದಲೇ ಚೀಟಿ ಅಂಟಿಸಿ. ಡಿಸ್ಕ್ ತುಂಬಿದ ಯಂತ್ರವನ್ನು ರೈಲ್‌ಗಳ ಮೇಲೆ ಮುಂದಕ್ಕೆಳೆಯಲು ಇಬ್ಬರಿರಲಿ, ರ‍್ಯಾಕ್ ಮುಂದಕ್ಕೆ ವಾಲದಂತೆ ಒಂದು ಸಲಕ್ಕೆ ಒಂದೇ ಯಂತ್ರ ಹೊರಬರಲಿ. ನಿಮ್ಮ ಕಡೆಯ ಒಣ ಹವೆಯಲ್ಲಿ, ಅದರಲ್ಲೂ ಎ.ಸಿ. ಕೊಠಡಿಯಲ್ಲಿ, ಸ್ಥಿರ ವಿದ್ಯುತ್ತಿನ ಕಾಟ ಹೆಚ್ಚು. ಮಣಿಕಟ್ಟಿನ ಪಟ್ಟಿಯನ್ನು ಚಾಸಿಗೆ ಸಿಕ್ಕಿಸದೆ ಕಾರ್ಡ್ ಮುಟ್ಟಬೇಡಿ. ಹಳೆಯ ಕಾರ್ಡ್ ಇದ್ದ ಸ್ಲಾಟ್‌ಗೇ ಹೊಸದನ್ನು ಹಾಕಿ.

ಸ್ಲಾಟ್ ಅದೇ ಇದ್ದರೆ ಲಿನಕ್ಸ್‌ನಲ್ಲಿ ಇಂಟರ್‌ಫೇಸಿನ ಹೆಸರು ಸಾಮಾನ್ಯವಾಗಿ ಬದಲಾಗುವುದಿಲ್ಲ, ಏಕೆಂದರೆ ಆ ಹೆಸರು ಪಿಸಿಐ ಸ್ಥಾನದಿಂದ ಬರುತ್ತದೆ. ಬೇರೆ ಮಾದರಿಯ ಕಾರ್ಡ್ ಆದರೆ ಬದಲಾಗಲೂಬಹುದು. ಕಾರ್ಡ್‌ನ ಗುರುತು ಸಂಖ್ಯೆಯಾದ ಮ್ಯಾಕ್ ವಿಳಾಸವಂತೂ ಹೊಸದೇ. ನೆಟ್‌ವರ್ಕ್ ಹೊಂದಾಣಿಕೆಯ ನೆಟ್‌ಪ್ಲ್ಯಾನ್ ಫೈಲಿನಲ್ಲಾಗಲಿ, ಸ್ವಿಚ್‌ನ ಪೋರ್ಟ್ ಭದ್ರತೆಯಲ್ಲಾಗಲಿ ಹಳೆಯ ವಿಳಾಸ ಬರೆದಿದ್ದರೆ ಸಂಪರ್ಕ ಬರುವುದಿಲ್ಲ. ಇದಕ್ಕಿಂತ ಮೋಸದ್ದು ಎಂಟಿಯು, ಅಂದರೆ ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ. ಸ್ವಿಚ್ ಮತ್ತು ಉಳಿದ ನೋಡ್‌ಗಳು 9000 ಬೈಟ್‌ಗಳ ಪ್ಯಾಕೆಟ್ ಬಳಸುತ್ತಿದ್ದು ಹೊಸ ಕಾರ್ಡ್ 1500ರಲ್ಲೇ ಉಳಿದರೆ ಪಿಂಗ್ ಹೋಗುತ್ತದೆ, ಲಾಗಿನ್ ಆಗುತ್ತದೆ, ಎಲ್ಲವೂ ಸರಿಯಾದಂತೆ ಕಾಣುತ್ತದೆ, ದತ್ತಾಂಶ ಮಾತ್ರ ಸಾಗುವುದಿಲ್ಲ. ಆದ್ದರಿಂದ ಪ್ಯಾಕೆಟ್ ಒಡೆಯದಂತೆ ನಿರ್ಬಂಧಿಸಿ 8972 ಬೈಟ್‌ಗಳ ಪಿಂಗನ್ನು ಉಳಿದ ನಾಲ್ಕೂ ನೋಡ್‌ಗಳಿಗೆ ಕಳಿಸಿ ನೋಡಿ. ಬಾಕಿ 28 ಬೈಟ್ ಹೆಡರ್‌ಗಳದ್ದು. ಇದು ಸರಿಹೋದ ಮೇಲಷ್ಟೇ ‘ಮೇಂಟೆನನ್ಸ್ ಎಕ್ಸಿಟ್’ ಕೊಡಿ. ನೋಡ್ ಆಫ್ ಆಗಿದ್ದಾಗ ಬದಲಾದ ದತ್ತಾಂಶವಷ್ಟೇ ಅದಕ್ಕೆ ಹರಿದುಬರುವುದರಿಂದ ಚೇತರಿಕೆ ಬೇಗ ಮುಗಿಯುತ್ತದೆ.

ಪ್ರಶ್ನೆ: ಸೆಫ್ ನೋಡ್‌ನಲ್ಲಿ ಒಂದು ಡಿಸ್ಕ್ ಮಾತ್ರ ಕೆಟ್ಟಾಗಲೂ ನೋಔಟ್ ಹಾಕಬೇಕೇ?
— ಓದುಗರು, ಮೈಸೂರು

ಉತ್ತರ: ಬೇಡ. ಸತ್ತ ಡಿಸ್ಕ್ ಮರಳಿ ಬರುವುದಿಲ್ಲವಾದ್ದರಿಂದ, ಅದರ ಪ್ರತಿಗಳು ಬೇರೆಡೆ ಬೇಗ ಕಟ್ಟಿಕೊಳ್ಳುವುದೇ ಒಳ್ಳೆಯದು. ‘ಸೇಫ್-ಟು-ಡಿಸ್ಟ್ರಾಯ್’ ಆದೇಶ ಒಪ್ಪುವವರೆಗೆ ಕಾದು, ಓಎಸ್‌ಡಿಯನ್ನು ‘ಪರ್ಜ್’ (ಪೂರ್ತಿ ಅಳಿಸುವುದು) ಮಾಡದೆ ‘ಡಿಸ್ಟ್ರಾಯ್’ ಮಾಡಿ. ಆಗ ಅದೇ ಸಂಖ್ಯೆ ಹೊಸ ಡಿಸ್ಕ್‌ಗೆ ಸಿಗುತ್ತದೆ, ನೋಡ್‌ನ ತೂಕ (ದತ್ತಾಂಶ ಹಂಚಿಕೆಯಲ್ಲಿ ಅದರ ಪಾಲು) ಬದಲಾಗಿ ದತ್ತಾಂಶ ಇನ್ನೊಂದು ಸಲ ಸುಮ್ಮನೆ ಓಡಾಡುವುದೂ ತಪ್ಪುತ್ತದೆ. ಟ್ರೇಯನ್ನು ಒಂದೇ ಎಳೆತಕ್ಕೆ ಹೊರತೆಗೆಯಬೇಡಿ: ಒಂದು ಇಂಚು ಎಳೆದು, ಒಳಗೆ ತಿರುಗುವ ತಟ್ಟೆಗಳು ನಿಲ್ಲಲೆಂದು ಅರ್ಧ ನಿಮಿಷ ಬಿಟ್ಟು, ಆಮೇಲೆ ಪೂರ್ತಿ ತೆಗೆಯಿರಿ.