ಬೆಳಕು ವೇಗ ಅಂತಲೇ ನಾವೂ ಶುರು ಮಾಡಿದ್ದು

ಫೈನಲ್ ಇಯರ್ ಪ್ರಾಜೆಕ್ಟ್, ಒಂದೇ ಸರ್ಕ್ಯೂಟ್ ಬೋರ್ಡಿನ ಎರಡು ಚಿಪ್ ನಡುವೆ ತಾಮ್ರದ ಟ್ರೇಸ್ (ಬೋರ್ಡ್ ಮೇಲಿನ ತಾಮ್ರದ ಗೆರೆ) ಬಿಟ್ಟು ಬೆಳಕಲ್ಲಿ ಡೇಟಾ ಕಳಿಸಬೇಕು, ಬೆಳಕು ವೇಗ ಅಲ್ವಾ ಅಂತ ಕೇಳಿದ್ದೀರಿ. ಇದೇ ಮಾತನ್ನು ನಾನು ತುಮಕೂರಿನ ಹಾಸ್ಟೆಲ್ ರೂಮಲ್ಲಿ ಕೂತು ಮೂರು ಜನರ ತಲೆಗೆ ತುಂಬಿದ್ದೆ.

ನಮ್ಮ ಬೋರ್ಡ್ 12 ಸೆಂ.ಮೀ. ಉದ್ದ ಇತ್ತು. ಅದರಲ್ಲಿ ಸಣ್ಣ ಕಾಲುವೆ ತರ ಕೊರೆಸಿ 1 ಮಿ.ಮೀ. ದಪ್ಪದ, ಬೆಳಕು ಹಾಯೋ ಪ್ಲಾಸ್ಟಿಕ್ ಫೈಬರ್ ಮಲಗಿಸಿದೆವು. ಈ ಕಡೆ 650 ನ್ಯಾನೊಮೀಟರ್‌ನ ಕೆಂಪು ಎಲ್‌ಇಡಿ, ಆ ಕಡೆ ಬೆಳಕನ್ನು ಮತ್ತೆ ಕರೆಂಟ್ ಮಾಡೋ ಫೋಟೊಡಯೋಡ್, ಎರಡನ್ನೂ ಕೈಯಲ್ಲೇ ಬೆಸೆದಿದ್ದು. ಸಿಗ್ನಲ್ ಕೊಟ್ಟರೆ ಆ ಕಡೆ ಚೆನ್ನಾಗಿ ಬಂತು. ಖುಷಿಯಲ್ಲಿ, ಹೊರಗಿನ ಬೆಳಕು ನುಗ್ಗಬಾರದು ಅಂತ ಮೇಲೆಲ್ಲ ಗಟ್ಟಿಯಾಗೋ ಕಪ್ಪು ಅಂಟು, ಎಪಾಕ್ಸಿ, ಸುರಿದೆವು.

ಮುಖ್ಯ ಚಿಪ್ ಇನ್ನೂ ಕೂರಿಸಿರಲಿಲ್ಲ. ಅದರ ಕಾಲೆಲ್ಲ ಹೊಟ್ಟೆ ಕೆಳಗೆ, ಸೋಲ್ಡರಿಂಗ್ ಐರನ್ ಮೂತಿ ಹೋಗಲ್ಲ. ಗೆಳೆಯನ ಮಾವ ತುಮಕೂರಿನ ವಸಂತನರಸಾಪುರ ಕೈಗಾರಿಕಾ ಪ್ರದೇಶದಲ್ಲಿ ಬೋರ್ಡ್ ಅಸೆಂಬ್ಲಿ ಕೆಲಸ ಮಾಡುತ್ತಿದ್ದರು. ಅವರ ಕೈಕಾಲು ಹಿಡಿದು ಬೋರ್ಡನ್ನು ರಿಫ್ಲೋ ಓವನ್‌ಗೆ (ಇಡೀ ಬೋರ್ಡ್ ಕಾಯಿಸಿ ಸೋಲ್ಡರ್ ಕರಗಿಸೋ ಒಲೆ) ಹಾಕಿಸಿದೆವು. "ಇದರೊಳಗೆ ಇನ್ನೇನೂ ಇಲ್ಲ ತಾನೆ?" ಅಂತ ಅವರು ಕೇಳಿದರು. ಇಲ್ಲ ಅಂದೆ. ಅಂದವನು ನಾನೇ.

ಸೀಸ ಇಲ್ಲದ ಸೋಲ್ಡರ್‌ಗೆ ಓವನ್ 245 ಡಿಗ್ರಿ ತನಕ ಏರುತ್ತೆ. ಆ ಫೈಬರ್ ಅಕ್ರಿಲಿಕ್. ಸುಮಾರು 105 ಡಿಗ್ರಿಗೇ ಮೆತ್ತಗಾಗುತ್ತೆ. 85 ಡಿಗ್ರಿ ದಾಟಿಸಬೇಡಿ ಅಂತ ಡೇಟಾಶೀಟ್‌ನಲ್ಲೇ ಇತ್ತು, ನಾನು ಬೆಲೆ ನೋಡಿ ಮುಚ್ಚಿದ್ದೆ. ಸರಿ, ಕರಗಿತು. ಆದರೆ ಎಪಾಕ್ಸಿ ಒಳಗೆ ಕರಗಿದ್ದು ಕಾಣಬೇಕಲ್ಲ! ಎಲ್‌ಇಡಿ ಕರೆಂಟ್ ಎಳೀತಿತ್ತು, ಆ ಕಡೆ ಮಾತ್ರ ಸೊನ್ನೆ. ಹತ್ತು ದಿನ ಚಿಪ್ಪಿನ ಬೆಸುಗೆಯನ್ನೇ ಬೈದೆವು, ಕೋಡ್ ಎರಡು ಸಲ ತಿರುಗಿ ಬರೆದೆವು. ಕೊನೆಗೆ ಸಿಟ್ಟಿಗೆ ಬ್ಲೇಡ್ ಹಾಕಿ ಕೆರೆದೆ. ಫೈಬರ್ ಎಲ್‌ಇಡಿಯಿಂದ ಹಿಂದಕ್ಕೆ ಸರಿದು, ತುದಿ ಗುಂಡಗಾಗಿ, ಮೈತುಂಬ ಗುಳ್ಳೆ. ಎಣ್ಣೆಗೆ ಬಿದ್ದ ಸಂಡಿಗೆ ನೋಡಿದಂಗಿತ್ತು. ವೈವಾಗೆ ಮೂರೇ ದಿನ ಉಳಿದಿತ್ತು. ಓವನ್ ಕೆಲಸ ಮೊದಲು ಮುಗಿಸಿ, ಫೈಬರ್ ಆಮೇಲೆ ಹಾಕಬೇಕಿತ್ತು. ಇಷ್ಟೇ ಇದ್ದಿದ್ದು.

ಇನ್ನು ನಿಮ್ಮ ವೇಗದ ಮಾತು. ಅದೇ ತಪ್ಪು. ಮಾಮೂಲಿ ಎಫ್‌ಆರ್4 (ಗಾಜಿನ ಎಳೆ, ಎಪಾಕ್ಸಿ ಸೇರಿದ) ಬೋರ್ಡಲ್ಲಿ ವಿದ್ಯುತ್ ಸಿಗ್ನಲ್ ಒಂದು ನ್ಯಾನೊಸೆಕೆಂಡಿಗೆ ಸುಮಾರು 15 ಸೆಂ.ಮೀ. ಓಡುತ್ತೆ, ಆ ಪ್ಲಾಸ್ಟಿಕ್‌ನಲ್ಲಿ ಬೆಳಕು 20. ನಮ್ಮ 12 ಸೆಂ.ಮೀ.ಗೆ ಉಳಿಯೋದು 0.2 ನ್ಯಾನೊಸೆಕೆಂಡ್. ವಿದ್ಯುತ್ತನ್ನು ಬೆಳಕು ಮಾಡಿ ಮತ್ತೆ ವಿದ್ಯುತ್ ಮಾಡೋದರಲ್ಲೇ ಅದಕ್ಕಿಂತ ಜಾಸ್ತಿ ಹೋಗುತ್ತೆ. ದೊಡ್ಡ ಕಂಪನಿಯವರು ಬೆಳಕನ್ನು ಚಿಪ್ ಹತ್ತಿರಕ್ಕೆ ತರ್ತಿರೋದು ಓಟಕ್ಕಲ್ಲ. ಒಂದೊಂದು ಜೋಡಿ ತಂತಿಯಲ್ಲಿ ಸೆಕೆಂಡಿಗೆ ಹತ್ತಾರು ಗಿಗಾಬಿಟ್ ತುಂಬಿದಾಗ ಸಿಗ್ನಲ್ ತಾಮ್ರದ ಮೇಲ್ಪದರಕ್ಕೇ ಸೇರಿಕೊಳ್ಳುತ್ತೆ, ಬೋರ್ಡೂ ಅದನ್ನು ಹೀರುತ್ತೆ, ಸ್ವಲ್ಪ ದೂರ ಹೋಗೋಷ್ಟರಲ್ಲಿ ಸೊರಗುತ್ತೆ. ಅದಕ್ಕೆ.

ನಾವು ಕಳಿಸ್ತಿದ್ದಿದ್ದು ಸೆಕೆಂಡಿಗೆ 10 ಮೆಗಾಬಿಟ್. ಅಷ್ಟಕ್ಕೆ ಎರಡು ತಾಮ್ರದ ಗೆರೆ ಧಾರಾಳ ಸಾಕು. ನಿಮ್ಮ ಬೋರ್ಡ್ ಎಷ್ಟು ಉದ್ದ, ಎಷ್ಟು ಡೇಟಾ ಅಂತ ಬರೆದಿಲ್ಲ. ಮೊದಲು ಅದನ್ನ ಹೇಳಿ.