ಪ್ರಿಂಟರ್ ಇಲ್ಲದೆ ಸಹಿ: ಆಫರ್ ಲೆಟರ್ ಬೇರೆ, ಮನೆ ಕರಾರು ಬೇರೆ

ಬೆಂಗಳೂರಿನ ಕಂಪನಿ ಆಫರ್ ಲೆಟರ್ ಕಳಿಸಿದೆ, ಪುಣೆಯ ರೂಮಲ್ಲಿ ಪ್ರಿಂಟರ್ ಇಲ್ಲ, ಸಹಿ ಹೇಗೆ ಮಾಡಲಿ, ಮನೆ ಕರಾರಿಗೂ ಅದೇ ನಡೆಯುತ್ತಾ ಅಂತ ಕೇಳಿದ್ದೀರಿ.

ಲೆಟರ್‌ಗಾಗಿ ಝೆರಾಕ್ಸ್ ಅಂಗಡಿ ಹುಡುಕಬೇಡಿ. ಫೋನಿನಲ್ಲಿ ಅಡೋಬಿ ಅಕ್ರೋಬ್ಯಾಟ್ ರೀಡರ್ ಹಾಕಿಕೊಳ್ಳಿ, ಪಿಡಿಎಫ್ ತೆರೆದು 'ಫಿಲ್ ಆಂಡ್ ಸೈನ್' ಒತ್ತಿ, ಬೆರಳಲ್ಲೇ ಗೀಚಿ. ನನ್ನ ಮೊದಲ ಸಹಿ ಕೋಳಿ ಕೆರೆದ ಹಾಗೆ ಬಂತು. ಆಮೇಲೆ ಬಿಳಿ ಹಾಳೆಯಲ್ಲಿ ಪೆನ್ನಿಂದ ಸಹಿ ಮಾಡಿ, ಅದರ ಫೋಟೋ ಹಾಕಿದೆ.

ಆದರೆ ಇದು ಬರೀ ಚಿತ್ರ ಅಲ್ವಾ? ಯಾರು ಬೇಕಾದರೂ ಅಂಟಿಸಬಹುದು. ಕಂಪನಿಗೆ ಗಟ್ಟಿ ಸಹಿ ಬೇಕಿದ್ದರೆ ಆಧಾರ್ ಇ-ಸೈನ್ (ಆಧಾರ್ ನಂಬರ್, ಒಟಿಪಿ ಕೊಟ್ಟು ಆನ್‌ಲೈನ್‌ನಲ್ಲೇ ಹಾಕುವ ಸಹಿ) ಲಿಂಕ್ ಕಳಿಸಲು ಹೇಳಿ. 2000ದ ಮಾಹಿತಿ ತಂತ್ರಜ್ಞಾನ (ಐಟಿ) ಕಾಯ್ದೆ ಅದನ್ನು ಒಪ್ಪುತ್ತದೆ (ಉಯಿಲಿಗೆ ನಡೆಯಲ್ಲ). ಒಟಿಪಿ ಆಧಾರ್‌ಗೆ ಜೋಡಿಸಿದ ನಂಬರಿಗೇ ಬರುತ್ತದೆ. ಊರಿನ ಹಳೇ ಸಿಮ್ ಎಲ್ಲೋ ಡ್ರಾಯರ್‌ನಲ್ಲಿ ಬಿದ್ದಿದ್ದರೆ ಮೊದಲು ಅದಕ್ಕೆ ಜೀವ ಕೊಡಿ. ಸಹಿ ಆದ ಫೈಲನ್ನು ಹಾಗೇ ಮೇಲ್ ಮಾಡಿ. ಪ್ರಿಂಟ್ ಹಾಕಿ ಮತ್ತೆ ಸ್ಕ್ಯಾನ್ ಮಾಡಿದರೆ ಒಳಗಿನ ಡಿಜಿಟಲ್ ಗುರುತು ಹೋಗಿ ಸುಮ್ನೆ ಚಿತ್ರ ಉಳಿಯುತ್ತದೆ.

ಮನೆ ಕರಾರಿಗೆ ಈ ಗೀಚಾಟ ಸಾಲದು. ಮಹಾರಾಷ್ಟ್ರದಲ್ಲಿ 1999ರ ಬಾಡಿಗೆ ಕಾಯ್ದೆ ಪ್ರಕಾರ ಲೀವ್ ಆಂಡ್ ಲೈಸೆನ್ಸ್ ಕರಾರನ್ನು (ಅಲ್ಲಿ ಮನೆ ಬಾಡಿಗೆಗೆ ಸಾಮಾನ್ಯವಾಗಿ ಮಾಡಿಕೊಳ್ಳುವ ಕರಾರು) ನೋಂದಣಿ ಮಾಡಿಸಲೇಬೇಕು, ಆ ಹೊಣೆ ಓನರ್‌ದು. ಆನ್‌ಲೈನ್‌ನಲ್ಲೇ ಆಗುತ್ತದೆ. ನಮ್ಮ ಏಜೆಂಟ್ ಲ್ಯಾಪ್‌ಟಾಪ್, ಬೆರಳಚ್ಚಿನ ಯಂತ್ರ ಹಿಡಿದು ಮನೆಗೇ ಬಂದಿದ್ದರು. ಓನರ್ ಅಜ್ಜಿಯ ಹೆಬ್ಬೆಟ್ಟು ನಾಲ್ಕು ಸಲ ಒತ್ತಿದರೂ ಹಿಡಿಯಲಿಲ್ಲ. ಪಾತ್ರೆ ತೊಳೆದ ಕೈ ಒರೆಸಿಕೊಂಡು ಬಂದ ಮೇಲೆ ಹಿಡಿಯಿತು.