ಪತ್ರ ಒಂದು, ಗಾಡಿ ಎರಡು

ಓದುಗರೊಬ್ಬರ ಪತ್ರದ ಸಾರ: ಕೆಲಸಕ್ಕೆ ಸೇರಿ ಒಂದು ವರ್ಷವಾಯಿತು. ಬಸ್ಸಿನಲ್ಲೇ ಓಡಾಟ. ರಾತ್ರಿ ಪಾಳಿಗೆ ಸಂಬಳದ ಮೇಲೆ ಭತ್ಯೆ ಇದೆ, ಆದರೆ ಅದು ಮುಗಿಯುವಷ್ಟರಲ್ಲಿ ಕೊನೆ ಬಸ್ಸು ಹೋಗಿರುತ್ತದೆ, ಹಾಗಾಗಿ ಒಪ್ಪಿಕೊಳ್ಳಲು ಆಗುತ್ತಿಲ್ಲ. ಬೈಕು ಬೇಕು. ಮನಸ್ಸಿನಲ್ಲಿರುವುದು 350 ಸಿಸಿ ಗಾಡಿ. ಅಪ್ಪ ಕೂಡಿಟ್ಟು ತಗೋ ಅನ್ನುತ್ತಾರೆ, ಗೆಳೆಯರು ಲೋನ್ ಮಾಡು ಅನ್ನುತ್ತಾರೆ. ನನಗೆ ಲೋನ್ ಸಿಗದಿದ್ದರೆ ತನ್ನ ಹೆಸರಿನಲ್ಲಿ ತೆಗೆದುಕೊಡುತ್ತೇನೆ ಎಂದು ಗೆಳೆಯನೊಬ್ಬ ಹೇಳಿದ್ದಾನೆ. ಏನು ಮಾಡಲಿ?

ಸಂಪಾದಕರ ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದ ಮೇಲೆ ಅನ್ನಿಸಿದ್ದು ಇಷ್ಟು. ಇದರಲ್ಲಿ ಎರಡು ಗಾಡಿಗಳಿವೆ. ಒಂದು, ರಾತ್ರಿ ಪಾಳಿ ಮುಗಿಸಿ ಮನೆ ಸೇರಿಸುವ ಗಾಡಿ. ಇನ್ನೊಂದು, ಮನಸ್ಸಿನಲ್ಲಿ ಓಡುತ್ತಿರುವ ಗಾಡಿ. ಮೊದಲನೆಯದರ ಕಷ್ಟ ಹೇಳಿಕೊಂಡು ಎರಡನೆಯದಕ್ಕೆ ಸಾಲ ಕೇಳುತ್ತಿದ್ದೀರಿ. ಬೇಜಾರು ಮಾಡಿಕೊಳ್ಳಬೇಡಿ, ಎಲ್ಲರೂ ಮಾಡುವುದು ಹೀಗೆಯೇ.

ಸಾಲದ ಬಡ್ಡಿ ಅಂದರೆ ಏನು? ಕಾಯದೆ ಇವತ್ತೇ ಗಾಡಿ ಹತ್ತಿದ್ದಕ್ಕೆ ಕೊಡುವ ಬಾಡಿಗೆ. ಕಾಯುವುದರಿಂದ ತಿಂಗಳಿಗೆ ಎಷ್ಟು ನಷ್ಟವಾಗುತ್ತಿದೆ ಎಂದು ಮೊದಲು ನೋಡಿ. ಕೈತಪ್ಪುವ ಭತ್ಯೆಗೆ ಬಸ್ಸಿನ ಖರ್ಚು ಕೂಡಿಸಿ. ಅದರಲ್ಲಿ ಪೆಟ್ರೋಲು, ವಿಮೆ, ಸರ್ವೀಸು, ಮುಂದೆ ಬರುವ ಟೈರು ಮತ್ತು ಚೈನಿನ ಖರ್ಚು ಕಳೆಯಿರಿ. ಉಳಿದದ್ದು ತಿಂಗಳ ಬಡ್ಡಿಗಿಂತ ಜಾಸ್ತಿ ಇದ್ದರೆ, ಸಾಲ ಮಾಡುವುದರಲ್ಲಿ ತಪ್ಪೇನಿಲ್ಲ. ಏನೂ ಉಳಿಯದಿದ್ದರೆ ಅಪ್ಪನ ಮಾತೇ ಸರಿ.

ಈಗ ಬಡ್ಡಿಯ ಲೆಕ್ಕ. ಇಲ್ಲೇ ತುಂಬ ಜನ ಎಡವುವುದು, ಹಾಗಾಗಿ ಸ್ವಲ್ಪ ನಿಧಾನವಾಗಿ ಓದಿ. ಗಾಡಿಯ ಬೆಲೆ 100 ಎಂದು ಇಟ್ಟುಕೊಳ್ಳೋಣ. ಪೂರ್ತಿ ಸಾಲ, 3 ವರ್ಷ, ವರ್ಷಕ್ಕೆ ಶೇ. 10 ಬಡ್ಡಿ. 'ಫ್ಲ್ಯಾಟ್' ಬಡ್ಡಿಯಾದರೆ ಮೂರು ವರ್ಷವೂ ಪೂರ್ತಿ 100ರ ಮೇಲೆಯೇ ಬಡ್ಡಿ ಹಾಕುತ್ತಾರೆ. ನೀವು ಅರ್ಧ ತೀರಿಸಿದ್ದರೂ ಅಷ್ಟೇ. ಒಟ್ಟು ಬಡ್ಡಿ 30, ತಿಂಗಳ ಕಂತು ಸುಮಾರು 3.6. ಬಾಕಿ ಉಳಿದ ಅಸಲಿನ ಮೇಲೆ ಮಾತ್ರ ಬಡ್ಡಿ ಹಾಕುವ ಲೆಕ್ಕದಲ್ಲಿ ಅದೇ ಶೇ. 10ಕ್ಕೆ ಒಟ್ಟು ಬಡ್ಡಿ 16ರ ಆಸುಪಾಸು. ಅಂದರೆ ಆ ಫ್ಲ್ಯಾಟ್ 10 ನಿಜದಲ್ಲಿ ಹತ್ತಿರ ಹತ್ತಿರ ಶೇ. 18. ಎರಡನ್ನೂ ಜಾಹೀರಾತಿನಲ್ಲಿ 'ಶೇ. 10' ಎಂದೇ ಬರೆಯಬಹುದು! ಅದಕ್ಕೇ ಬಡ್ಡಿ ಎಷ್ಟು ಎಂದು ಕೇಳಿ ಸುಮ್ಮನಾಗಬೇಡಿ. ಕೊನೆಯ ಕಂತು ಮುಗಿಯುವ ಹೊತ್ತಿಗೆ ಒಟ್ಟು ಎಷ್ಟು ಕಟ್ಟಿರುತ್ತೇನೆ, ಪ್ರೊಸೆಸಿಂಗ್ ಫೀ ಎಷ್ಟು, ಬೇಗ ತೀರಿಸಿದರೆ ದಂಡ ಇದೆಯಾ ಎಂದು ಕೇಳಿ, ಬರವಣಿಗೆಯಲ್ಲಿ ಪಡೆಯಿರಿ. 'ಬಡ್ಡಿಯೇ ಇಲ್ಲ' ಎನ್ನುವ ಯೋಜನೆ ಕಂಡರೆ, ಪೂರ್ತಿ ದುಡ್ಡು ಕೊಟ್ಟು ಕೊಳ್ಳುವವರಿಗೆ ಎಷ್ಟು ರಿಯಾಯಿತಿ ಎಂದು ವಿಚಾರಿಸಿ. ಅಲ್ಲೊಂದು ರಿಯಾಯಿತಿ ಇದ್ದು ನಿಮಗೆ ಇಲ್ಲವಾದರೆ, ಬಡ್ಡಿ ಎಲ್ಲಿ ಅಡಗಿದೆ ಎಂದು ಗೊತ್ತಾಯಿತಲ್ಲ.

ಅದೇ 3.6ನ್ನು ತಿಂಗಳು ತಿಂಗಳು ಎತ್ತಿಟ್ಟರೆ 28 ತಿಂಗಳಿಗೆ 100 ಕೂಡುತ್ತದೆ. ಸಾಲ ಮಾಡಿದವರು ಕಟ್ಟುವುದು 36 ತಿಂಗಳು. ಅಷ್ಟರಲ್ಲಿ ಗಾಡಿಯ ಬೆಲೆ ವರ್ಷಕ್ಕೆ ಶೇ. 5ರಂತೆ ಏರಿದರೂ 32 ತಿಂಗಳಿಗೆ ಕೈಗೆ ಬರುತ್ತದೆ. ಆದರೆ ಈ ಲೆಕ್ಕ ನಿಲ್ಲುವುದು ದುಡ್ಡು ನಿಜವಾಗಿ ಕೂಡಿದರೆ ಮಾತ್ರ. ಕಂತು ತಪ್ಪಿದರೆ ಫೋನ್ ಬರುತ್ತದೆ, ಉಳಿತಾಯ ತಪ್ಪಿದರೆ ಯಾರೂ ಕೇಳುವುದಿಲ್ಲ. ಅಪ್ಪಂದಿರು ಈ ಮಾತು ಹೇಳುವುದಿಲ್ಲ.

ಹಾಗಾಗಿ ನಾನು ಹೇಳುವುದು, ಇನ್ನು ನಾಲ್ಕು ತಿಂಗಳು ಸಾಲ ಮಾಡಿಬಿಟ್ಟಿದ್ದೇನೆ ಎಂದೇ ನಡೆದುಕೊಳ್ಳಿ. ಸಂಬಳ ಬಂದ ದಿನವೇ ಕಂತಿನಷ್ಟು ದುಡ್ಡನ್ನು, ಜೊತೆಗೆ ಬಸ್ಸಿನ ಖರ್ಚಿಗಿಂತ ಪೆಟ್ರೋಲಿಗೆ ಎಷ್ಟು ಹೆಚ್ಚು ಬೀಳುತ್ತದೋ ಅದನ್ನೂ ಬೇರೆ ಖಾತೆಗೆ ಹಾಕಿ. ಮುಟ್ಟಬೇಡಿ. ಎರಡನೇ ತಿಂಗಳಲ್ಲೇ ಅದರಿಂದ ತೆಗೆಯಬೇಕಾಗಿ ಬಂದರೆ ಆ ಗಾಡಿ ನಿಮ್ಮ ಸಂಬಳಕ್ಕೆ ದೊಡ್ಡದಾಯಿತು. ತಡೆದುಕೊಂಡರೆ, ಮುಂಗಡಕ್ಕೂ ಒಂದಿಷ್ಟು ದುಡ್ಡಾಯಿತು.

ಮುಂಗಡ ಜಾಸ್ತಿ ಕೊಟ್ಟಷ್ಟೂ ಒಳ್ಳೆಯದು. 40 ಕೈಯಿಂದ ಹಾಕಿ, 60ನ್ನು ಬಾಕಿ ಮೇಲಿನ ಬಡ್ಡಿಯ ಲೆಕ್ಕದಲ್ಲಿ 2 ವರ್ಷಕ್ಕೆ ತೆಗೆದರೆ, ಅದೇ ಶೇ. 10ಕ್ಕೆ ಬಡ್ಡಿ ಒಟ್ಟು 6.5ರಷ್ಟು. ಇನ್ನೊಂದು ಕಾರಣವೂ ಇದೆ. ಹೊಸ ಗಾಡಿಯ ಬೆಲೆ ಮೊದಲ ವರ್ಷಗಳಲ್ಲೇ ಜೋರಾಗಿ ಇಳಿಯುತ್ತದೆ, ಸಾಲದ ಅಸಲು ಶುರುವಿನಲ್ಲಿ ನಿಧಾನಕ್ಕೆ ಇಳಿಯುತ್ತದೆ. ನಡುವೆ ಗಾಡಿ ಕಳುವಾದರೆ ವಿಮೆಯವರು ಸಾಮಾನ್ಯವಾಗಿ ಲೆಕ್ಕ ಹಾಕುವುದು ಗಾಡಿಯ ಆಗಿನ ಬೆಲೆಯನ್ನು, ನಿಮ್ಮ ಸಾಲದ ಬಾಕಿಯನ್ನಲ್ಲ. ಗಾಡಿ ಇಲ್ಲದೆ ಕಂತು ಕಟ್ಟುವ ಪಾಡು ಯಾರಿಗೆ ಬೇಕು?

ಇನ್ನು ಎರಡು ಗಾಡಿಗಳ ವಿಷಯ. ಪಾಳಿಗೆ 100 ಅಥವಾ 125 ಸಿಸಿ ಗಾಡಿ ಧಾರಾಳವಾಗಿ ಸಾಕು. ಅದು ದುಡಿದು ತನ್ನ ಬಡ್ಡಿ ತಾನೇ ತೀರಿಸುತ್ತದೆ. ಅದಕ್ಕೆ ಚಿಕ್ಕ ಅವಧಿಯ ಸಾಲ ಮಾಡಿ, ನನ್ನ ಆಕ್ಷೇಪವಿಲ್ಲ. ಒಳ್ಳೆಯ ಮೆಕ್ಯಾನಿಕ್‌ಗೆ ತೋರಿಸಿ ಸೆಕೆಂಡ್ ಹ್ಯಾಂಡ್ ತಗೊಂಡರೆ ಇನ್ನೂ ಒಳ್ಳೆಯದು, ಆದರೆ ಅದನ್ನು ಕೈಯಲ್ಲಿರುವ ದುಡ್ಡಲ್ಲೇ ತಗೊಳ್ಳಿ. ಹಳೆ ಗಾಡಿಯ ಸಾಲಕ್ಕೆ ಸಾಮಾನ್ಯವಾಗಿ ಬಡ್ಡಿ ಜಾಸ್ತಿ. 350 ಸಿಸಿ ಗಾಡಿ ಭತ್ಯೆಯನ್ನು ಹೆಚ್ಚಿಸುವುದಿಲ್ಲ, ಪೆಟ್ರೋಲು ಮಾತ್ರ ಜಾಸ್ತಿ ಕುಡಿಯುತ್ತದೆ. ಆಸೆ ತಪ್ಪು ಅನ್ನುತ್ತಿಲ್ಲ. ಅದಕ್ಕೆ ಭತ್ಯೆಯ ದುಡ್ಡು ಕೂಡಿಡಿ.

ಗೆಳೆಯನ ಹೆಸರಿನ ಸಾಲ ಮಾತ್ರ ಖಂಡಿತ ಬೇಡ. ಗಾಡಿಯ ಕಾಗದ, ವಿಮೆ ಎಲ್ಲ ಅವನ ಹೆಸರಿನಲ್ಲಿ, ಓಡಿಸುವವರು ನೀವು. ನಿಮ್ಮ ಒಂದು ಕಂತು ತಪ್ಪಿದರೂ ಕೆಡುವುದು ಅವನ ಸಾಲದ ದಾಖಲೆ. ನಾಳೆ ಅವನು ಮನೆಗೆ ಸಾಲ ಕೇಳಲು ಹೋದಾಗ ಈ ಗಾಡಿಯ ಕಂತೂ ಅವನ ಲೆಕ್ಕಕ್ಕೇ ಸೇರುತ್ತದೆ. ಅವನು ಪ್ರೀತಿಯಿಂದಲೇ ಹೇಳಿರಬಹುದು, ಬೇಡ ಅನ್ನಿ. ನಿಮ್ಮ ಹೆಸರಿಗೆ ಸಾಲ ಕೊಡದಿದ್ದರೆ ಯಾಕೆ ಎಂದು ಅವರನ್ನೇ ಕೇಳಿ. ಕೆಲಸಕ್ಕೆ ಸೇರಿ ಹೆಚ್ಚು ದಿನ ಆಗಿಲ್ಲ ಎನ್ನುವುದಷ್ಟೇ ಕಾರಣವಾಗಿದ್ದರೆ, ಆ ನಾಲ್ಕು ತಿಂಗಳನ್ನು ಆರೇಳು ಮಾಡಿ, ಮುಂಗಡ ಹೆಚ್ಚಿಸಿಕೊಂಡು ಮತ್ತೆ ಹೋಗಿ.